ಗೋದಾಮಿಗೆ ಹೊರಟವರ ಲೆಕ್ಕದ ಪುಸ್ತಕ

ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಮಲಗಿರುವ ಸಾಗವಾನಿ ತುಂಡೊಂದಕ್ಕೆ ಜಾತಕವಿದೆ. ತಲೆಗೆ ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆ, ಮೈಮೇಲೆ ನಂಬರು. ಪುಸ್ತಕದಲ್ಲಿ ಅದರ ಉದ್ದ, ಸುತ್ತಳತೆ, ಘನ ಅಳತೆ, ದರ್ಜೆ, ಯಾವ ಲಾಟಿಗೆ ಸೇರಿದ್ದು ಎಂಬ ವಿವರ. ಲಿಲಾವಿನ ವ್ಯಾಪಾರಿಗಳು ಆ ಲೆಕ್ಕ ನೋಡಿಯೇ ಬೆಲೆ ಕಟ್ಟುತ್ತಾರೆ. ಅದನ್ನು ಲಾರಿಯಿಂದ ಇಳಿಸಿ, ಉರುಳಿಸಿ, ಲಾಟಿಗೆ ಜೋಡಿಸಿದವನ ಹೆಸರು ಮಾತ್ರ ಆ ಪುಸ್ತಕದಲ್ಲಿ ಎಲ್ಲೂ ಸಿಗದು.

ಅಳತೆಯಲ್ಲಿಯೂ ಒಂದು ತಮಾಷೆಯಿದೆ. ನಾಟಾ ಅಳೆಯಲು ನಮ್ಮ ದೇಶದಲ್ಲಿ ಮೊದಲಿನಿಂದ ನಡೆದುಬಂದದ್ದು ಕಾಲು ಸುತ್ತಳತೆಯ ಸೂತ್ರ. 120 ಸೆಂಟಿಮೀಟರ್ ಸುತ್ತಳತೆಯ, 3 ಮೀಟರ್ ಉದ್ದದ ತುಂಡು ಎಂದುಕೊಳ್ಳಿ. ಸುತ್ತಳತೆಯ ಕಾಲುಭಾಗ 30 ಸೆಂಟಿಮೀಟರ್. ಅದರ ವರ್ಗವನ್ನು ಉದ್ದದಿಂದ ಗುಣಿಸಿದರೆ 0.27 ಘನ ಮೀಟರ್. ಇದು ಪುಸ್ತಕದ ಲೆಕ್ಕ. ದುಂಡನೆಯ ಮರದ ನಿಜವಾದ ಗಾತ್ರ ಸುಮಾರು 0.34 ಘನ ಮೀಟರ್. ಸಿಪ್ಪೆ, ಚಕ್ಕೆ ಎಂದು ಕೊಯ್ಯುವಾಗ ಪೋಲಾಗುವ ಮರವನ್ನು ಸೂತ್ರವೇ ಕಳೆದುಬಿಡುತ್ತದೆ. ಚೆನ್ನಾಗಿ ಒಣಗಿದ ಸಾಗವಾನಿಯ ತೂಕ ಘನ ಮೀಟರಿಗೆ ಸುಮಾರು 650 ಕಿಲೋ ಎಂದು ಹಿಡಿದರೆ, ಪುಸ್ತಕದ ತುಂಡು 175 ಕಿಲೋ, ನೆಲದ ಮೇಲಿನ ತುಂಡು 220 ಕಿಲೋ ದಾಟುತ್ತದೆ. ವ್ಯಾಪಾರಿ ಕೊಳ್ಳುವುದು ಮೊದಲನೆಯದನ್ನು, ಆಳು ಎತ್ತುವುದು ಎರಡನೆಯದನ್ನು.

ಗೋದಾಮಿನ ಕೆಲಸಕ್ಕೆ ಹೊರಟವರು ಮೊಟ್ಟಮೊದಲು ತಿಳಿಯಬೇಕಾದದ್ದು ಇದನ್ನೇ. ಅಲ್ಲಿ ಸರಕಿನ ಪ್ರತಿ ಚೂರಿಗೂ ಲೆಕ್ಕವಿರುತ್ತದೆ. ನಿಮ್ಮ ಬೆನ್ನಿನ, ನಿಮ್ಮ ಗಂಟೆಗಳ, ನಿಮ್ಮ ಪಗಾರದ ಲೆಕ್ಕವನ್ನು ನೀವೇ ಇಡಬೇಕು.

ಕಾಯುವ ಸರಕಿನ ಊರು

ದಾಂಡೇಲಿಗೆ ಅಂಟಿಕೊಂಡಿರುವ ಅಂಬೇವಾಡಿಯನ್ನು ಹೊರಗಿನವರು ಬಲ್ಲದ್ದು ರೈಲು ನಿಲ್ದಾಣದಿಂದ. ಅಳ್ನಾವರದಿಂದ ಕಾಡು ಹಾಯ್ದು ಬರುವ ಈ ಹಳಿಯನ್ನು ಬ್ರಿಟಿಷರು ಹಾಕಿಸಿದ್ದು ಮರ ಸಾಗಿಸಲೆಂದು. ಜನರ ಓಡಾಟ ಆಮೇಲಿನ ಮಾತು. ವರ್ಷಗಟ್ಟಲೆ ನಿಂತುಹೋಗಿದ್ದ ಪ್ರಯಾಣಿಕರ ರೈಲು 2019ರ ನವೆಂಬರಿನಲ್ಲಿ ಅಳ್ನಾವರ–ಅಂಬೇವಾಡಿ ನಡುವೆ ಮತ್ತೆ ಓಡಿದಾಗ ಊರು ಹಬ್ಬ ಮಾಡಿತು.

ಈ ಸೀಮೆಯ ದುಡಿಮೆಯಲ್ಲಿ ಸರಕು ಕೂಡಿಟ್ಟು ಕಾಯುವ ಕೆಲಸಕ್ಕೆ ದೊಡ್ಡ ಪಾಲಿದೆ. ಟಿಂಬರ್ ಡಿಪೋದಲ್ಲಿ ನಾಟಾ, ಕಟ್ಟಿಗೆ. 1955ರಲ್ಲಿ ಹುಟ್ಟಿದ ವೆಸ್ಟ್ ಕೋಸ್ಟ್ ಪೇಪರ್ ಮಿಲ್‌ನಲ್ಲಿ ಒಂದು ಕಡೆ ಹಿಂದೆ ಬಿದಿರಿನ, ಈಗ ನೀಲಗಿರಿ, ಅಕೇಶಿಯಾ, ಗಾಳಿಮರ, ಸುಬಾಬುಲ್‌ಗಳ ರಾಶಿ. ಇನ್ನೊಂದು ಕಡೆ ಸಿದ್ಧ ಕಾಗದದ ಸುರುಳಿ, ಪೆಟ್ಟಿಗೆ. ಹಳಿಯಾಳದಲ್ಲಿ ಸಕ್ಕರೆ, ಭತ್ತ, ಮೆಕ್ಕೆಜೋಳ, ಹತ್ತಿ. ಮುಂಡಗೋಡದಲ್ಲಿ ಭತ್ತ, ಮೆಕ್ಕೆಜೋಳ, ಶುಂಠಿ. ಇವುಗಳ ಜೊತೆಗೆ ಸೊಸೈಟಿಗಳ ಗೊಬ್ಬರ, ಪಡಿತರದ ಅಕ್ಕಿ, ಸಿಮೆಂಟು. ದಾಂಡೇಲಿಯ ಪ್ಲೈವುಡ್ ಮತ್ತು ಫೆರೋ ಅಲಾಯ್ಸ್ ಕಾರ್ಖಾನೆಗಳು ಬಾಗಿಲು ಹಾಕಿ ವರ್ಷಗಳಾದವು. ಜೋಯಿಡಾ ತಾಲ್ಲೂಕಿನ ಬಹುಪಾಲು ಕಾಡೇ. ಹೀಗಾಗಿ ಪಿಯುಸಿಗೆ ಓದು ನಿಲ್ಲಿಸಿದ ಹುಡುಗರು ಹುಬ್ಬಳ್ಳಿಯ ತಾರಿಹಾಳಕ್ಕೆ, ಗೋವಾದ ವೆರ್ಣಾಕ್ಕೆ, ಬೆಂಗಳೂರಿನ ಸುತ್ತಲಿನ ಹೊಸಕೋಟೆ, ನೆಲಮಂಗಲ, ಮಾಲೂರು, ಆನೇಕಲ್‌ಗಳಿಗೆ ಬಸ್ಸು ಹತ್ತುತ್ತಾರೆ. ಹಲವರಿಗೆ ಅಲ್ಲಿ ಸಿಗುವ ಮೊದಲ ಕೆಲಸ ಗೋದಾಮಿನದು.

ಅಲ್ಲಿ ಅಷ್ಟು ದೊಡ್ಡ ಗೋದಾಮುಗಳು ಎದ್ದದ್ದಕ್ಕೆ ಆನ್‌ಲೈನ್ ಖರೀದಿಯ ಜೊತೆಗೆ ತೆರಿಗೆಯೂ ಕಾರಣ. 2017ರ ಜುಲೈ 1ಕ್ಕೆ ಮೊದಲು ಅಂತರರಾಜ್ಯ ಮಾರಾಟದ ತೆರಿಗೆ ತಪ್ಪಿಸಲು ಕಂಪನಿಗಳು ರಾಜ್ಯಕ್ಕೊಂದರಂತೆ ಸಣ್ಣ ಗೋದಾಮು ಇಟ್ಟುಕೊಳ್ಳುತ್ತಿದ್ದವು. ಜಿಎಸ್‌ಟಿ ಬಂದ ಮೇಲೆ ಆ ಗರಜು ಉಳಿಯಲಿಲ್ಲ. ನಾಲ್ಕಾರು ರಾಜ್ಯಗಳಿಗೆ ಸೇರಿ ಹೆದ್ದಾರಿ ಪಕ್ಕದಲ್ಲಿ ಒಂದೇ ದೊಡ್ಡ ಶೆಡ್ಡು ಹಾಕುವುದು ಲಾಭದ ಮಾತಾಯಿತು.

ಮೊದಲನೆಯದು: ತೂಕದ ಲೆಕ್ಕ

ಅಕ್ಕಿ, ಸಕ್ಕರೆ, ಸಿಮೆಂಟಿನ ಚೀಲ ಈಗ ಹೆಚ್ಚಾಗಿ 50 ಕಿಲೋದ್ದು. ಹಿಂದಿನ ಹಮಾಲರು ನೂರು ಕಿಲೋದ ಚೀಲ ಹೊತ್ತವರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿಯೇ ವಯಸ್ಕ ಗಂಡಸು ಒಬ್ಬನೇ ಹೊರುವ ಭಾರ 55 ಕಿಲೋ ದಾಟಬಾರದು ಎಂದು ಶಿಫಾರಸು ಮಾಡಿತ್ತು. 50 ಕಿಲೋ ಆ ಮಿತಿಯ ಒಳಗೇ ಇದೆಯಲ್ಲ ಎನ್ನಬಹುದು. ಆದರೆ ಬೆನ್ನು ಮುರಿಯುವುದು ಒಂದು ಚೀಲದಿಂದಲ್ಲ, ಚೀಲಗಳ ಸಂಖ್ಯೆಯಿಂದ. ಹತ್ತು ಟನ್ನಿನ ಒಂದು ಲಾರಿ ಎಂದರೆ 200 ಚೀಲ. ಐವರ ಗ್ಯಾಂಗ್ ಇಳಿಸಿದರೆ ತಲೆಗೆ 40 ಚೀಲ, ಅಂದರೆ ಒಬ್ಬೊಬ್ಬನ ಮೇಲೆ ಎರಡು ಟನ್. ದಿನಕ್ಕೆ ಎರಡು ಲಾರಿ ಬಂದರೆ ನಾಲ್ಕು ಟನ್.

ಕಾಗದ ಹಗುರ ಎಂದು ನಂಬಿ ಬಂದವರಿಗೂ ಒಂದು ಲೆಕ್ಕ. ನಾವು ಜೆರಾಕ್ಸ್ ಅಂಗಡಿಯಲ್ಲಿ ನೋಡುವ 75 ಜಿಎಸ್ಎಂನ ಎ4 ಹಾಳೆ 500 ಇರುವ ಒಂದು ರೀಮು ಸುಮಾರು 2 ಕಿಲೋ 340 ಗ್ರಾಂ ತೂಗುತ್ತದೆ. ಹತ್ತು ರೀಮಿನ ಪೆಟ್ಟಿಗೆ 23 ಕಿಲೋ ದಾಟಿತು. ಪೆಟ್ಟಿಗೆಗೆ ಹಿಡಿ ಇಲ್ಲ, ಮೂಲೆ ಚೂಪು, ಹೊದಿಕೆ ಜಾರುತ್ತದೆ. ಇನ್ನು ದೊಡ್ಡ ಸುರುಳಿಗಳು ನೂರಾರು ಕಿಲೋದಿಂದ ಟನ್ನಿನವರೆಗೆ ಇರುತ್ತವೆ. ಅಂಥದ್ದು ಉರುಳತೊಡಗಿದರೆ ಕೈಯೊಡ್ಡಿ ತಡೆಯಲು ಹೋಗಬಾರದು, ದಾರಿ ಬಿಟ್ಟು ಪಕ್ಕಕ್ಕೆ ಸರಿಯಬೇಕು. ಸುರುಳಿ ಹಾಳಾದರೆ ಮಿಲ್ಲು ಮತ್ತೆ ಕಾಗದ ಮಾಡಿಕೊಳ್ಳುತ್ತದೆ.

ಎತ್ತುವುದಕ್ಕೆ ಒಂದು ರೀತಿಯಿದೆ. ಪಳಗಿದ ಹಮಾಲರನ್ನು ಗಮನಿಸಿ. ಚೀಲವನ್ನು ಒಬ್ಬನೇ ನೆಲದಿಂದ ಎತ್ತುವುದು ಅಪರೂಪ. ಇಬ್ಬರು ಎರಡು ತುದಿ ಹಿಡಿದು ಎತ್ತಿಕೊಡುತ್ತಾರೆ, ಮೂರನೆಯವ ಮೊಣಕಾಲು ತುಸು ಮಡಚಿ, ಬೆನ್ನ ಮೇಲ್ಭಾಗಕ್ಕೆ ಭಾರ ತಗೊಂಡು, ಕಾಲಿನ ಬಲದಲ್ಲಿ ನಿಲ್ಲುತ್ತಾನೆ. ತಲೆಗೂ ಕುತ್ತಿಗೆಗೂ ಮಡಚಿದ ಗೋಣಿತಾಟು ಅಥವಾ ಟವೆಲ್ಲಿನ ಸಿಂಬೆ. ನಡಿಗೆ ಸಣ್ಣ ಹೆಜ್ಜೆಯದು, ನಿಲ್ಲದ್ದು. ತಿರುಗಬೇಕಾದಾಗ ಸೊಂಟ ತಿರುಚುವುದಿಲ್ಲ, ಪಾದಗಳನ್ನೇ ತಿರುಗಿಸುತ್ತಾರೆ. ಹೊಸಬರು ಪೆಟ್ಟು ತಿನ್ನುವುದು ಇಲ್ಲೇ: ಭಾರ ಕೈಯಲ್ಲಿದ್ದಾಗ ಸೊಂಟ ತಿರುಚಿ ಪಕ್ಕದವನಿಗೆ ಕೊಡಲು ಹೋಗುತ್ತಾರೆ. ಚೀಲ ಎಳೆಯುವ ಕಬ್ಬಿಣದ ಕೊಂಡಿ ಬಳಸುವವರು ಅದರ ಚೂಪನ್ನು ಚೀಲದ ಕಡೆಗೇ ಇಟ್ಟುಕೊಳ್ಳಬೇಕು. ಸಿಮೆಂಟು, ಗೊಬ್ಬರದ ಪ್ಲಾಸ್ಟಿಕ್ ಚೀಲಕ್ಕೆ ಕೊಂಡಿ ಹಾಕಲೇಬಾರದು.

ಎರಡನೆಯದು: ಸರಕಿನ ಲೆಕ್ಕ

ಎಣಿಕೆ ತಪ್ಪಿದರೆ ಬೈಗುಳ ಆಳಿಗೆ, ಕಡಿತ ಅವನ ಕೂಲಿಗೆ. ಆದ್ದರಿಂದ ಸರಕು ಒಳಗೆ ಬರುವ, ಹೊರಗೆ ಹೋಗುವ ದಾರಿ ತಿಳಿದಿರಬೇಕು. ಲಾರಿ ಮೊದಲು ವೇಬ್ರಿಡ್ಜಿಗೆ ಹೋಗುತ್ತದೆ, ತುಂಬಿದ ತೂಕ ಒಂದು ಚೀಟಿ. ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ ಇನ್ನೊಂದು. ಗೇಟಿನಲ್ಲಿ ಪಾಸು, ಒಳಗೆ ಎಣಿಕೆ ಪುಸ್ತಕ. ಹರಿದ ಚೀಲ, ನೆನೆದ ಪೆಟ್ಟಿಗೆ ಕಂಡರೆ ಇಳಿಸುವ ಮೊದಲೇ ಸೂಪರ್‌ವೈಸರಿಗೆ ತೋರಿಸಿ, ಫೋಟೊ ತೆಗೆಸಿ. ಇಳಿಸಿದ ಮೇಲೆ ಹೇಳಿದರೆ ನೀವೇ ಹರಿದದ್ದು ಎಂಬ ಮಾತು ಬರುತ್ತದೆ.

ಥಪ್ಪಿ ಹಾಕುವುದು, ಅಂದರೆ ಚೀಲಗಳನ್ನು ಒಂದರ ಮೇಲೊಂದು ಪೇರಿಸುವುದು, ಒಂದು ವಿದ್ಯೆ. ನೆಲದ ಮೇಲೆ ನೇರ ಚೀಲ ಇಡುವಂತಿಲ್ಲ. ಮರದ ಕ್ರೇಟು ಅಥವಾ ಪ್ಯಾಲೆಟ್ ಬೇಕು. ಇಲ್ಲವಾದರೆ ನೆಲದ ತೇವ ಮೇಲೇರುತ್ತದೆ. ನಮ್ಮ ಕಾಳಿ ನದಿಯ ಕಣಿವೆಯ ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಗೋಡೆಗೆ ತಾಗಿಸದೆ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ ಬಿಡಬೇಕು. ಒಂದು ಸಾಲು ಉದ್ದಕ್ಕೆ, ಅದರ ಮೇಲಿನದು ಅಡ್ಡಕ್ಕೆ ಇಟ್ಟರೆ ಚೀಲಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಪ್ರತಿ ಸಾಲಿನಲ್ಲೂ ಒಂದೇ ಸಂಖ್ಯೆಯ ಚೀಲವಿದ್ದರೆ ಸಾಲು ಎಣಿಸಿ ಗುಣಿಸಿದರೆ ಸಾಕು, ಲೆಕ್ಕ ಮುಗಿಯಿತು.

ಈ ಎಣಿಕೆಯ ಹಿಂದೆ ಯಾರದೋ ಬದುಕು ಇರುತ್ತದೆ. 1957ರಿಂದ ನಡೆಯುತ್ತಿರುವ ಕರ್ನಾಟಕ ರಾಜ್ಯ ಉಗ್ರಾಣ ನಿಗಮದಂಥ ಕಡೆ ರೈತ ಫಸಲು ಇಟ್ಟರೆ ರಸೀದಿ ಸಿಗುತ್ತದೆ, ಆ ರಸೀದಿ ತೋರಿಸಿ ಬ್ಯಾಂಕಿನಲ್ಲಿ ಸಾಲ ಪಡೆಯಬಹುದು. ಬೆಲೆ ಬಿದ್ದಾಗ ಮಾರದೆ ಕಾಯಲು ರೈತನಿಗೆ ಅದೇ ಬಲ. ಥಪ್ಪಿಯಲ್ಲಿ ಹತ್ತು ಚೀಲ ನೆನೆದರೆ ಆ ಕಾಗದದ ಬೆಲೆಯೇ ನೆನೆಯಿತು.

ಆನ್‌ಲೈನ್ ಕಂಪನಿಗಳ ಗೋದಾಮಿನಲ್ಲಿ ಎಣಿಸುವುದು ಯಂತ್ರ. ಕೈಯಲ್ಲೊಂದು ಸ್ಕ್ಯಾನರ್, ರ್ಯಾಕಿನ ಪ್ರತಿ ಖಾನೆಗೂ ಬಾರ್‌ಕೋಡ್. ಯಾವ ಖಾನೆಯಿಂದ ಏನು ತೆಗೆಯಬೇಕೆಂದು ಪರದೆ ಹೇಳುತ್ತದೆ. ತೆಗೆದು ಸ್ಕ್ಯಾನ್ ಮಾಡಿ ಡಬ್ಬಿಗೆ ಹಾಕಬೇಕು. ಇದೇ ಪಿಕಿಂಗ್. ಭಾರ ಕಮ್ಮಿ, ನಡಿಗೆ ಬಹಳ. ಗಂಟೆಗೆ ಎಷ್ಟು ತೆಗೆದಿರಿ ಎಂಬುದೂ ಅದೇ ಯಂತ್ರದಲ್ಲಿ ದಾಖಲಾಗುತ್ತದೆ. ಲಾಗಿನ್ ನಿಮ್ಮದು, ಮತ್ತೊಬ್ಬರಿಗೆ ಕೊಡಬೇಡಿ. ಸರಕು ಕಳೆದರೆ ಹುಡುಕುವುದು ಆ ಲಾಗಿನ್ ಹಿಡಿದೇ.

ಮೂರನೆಯದು: ಜೀವದ ಲೆಕ್ಕ

2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಘಟಕ ಕುಸಿದು ಚೀಲಗಳ ರಾಶಿಯಡಿ ಸಿಕ್ಕಿದ 7 ಮಂದಿ ಸತ್ತರು. ಎಲ್ಲರೂ ಬಿಹಾರದಿಂದ ದುಡಿಯಲು ಬಂದವರು. ಕಾಳಿನ ರಾಶಿ ಮೆತ್ತಗೆ ಕಾಣುತ್ತದೆ, ಬಿದ್ದರೆ ಗೋಡೆಯಷ್ಟೇ ಭಾರ. ಥಪ್ಪಿಯ ಬುಡದಿಂದ ಚೀಲ ಎಳೆಯಬಾರದು, ಮೇಲಿನಿಂದ ಮೆಟ್ಟಿಲಾಗಿ ಇಳಿಸುತ್ತ ಬರಬೇಕು. ಥಪ್ಪಿ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ, ವಾಲಿದ್ದರೆ ಅದರ ನೆರಳಿನಲ್ಲಿ ಕೂತು ಊಟ ಮಾಡಬೇಡಿ, ಗ್ಯಾಂಗಿನ ಮುಖ್ಯಸ್ಥ ಮುಕಾದಮನಿಗೆ ಹೇಳಿ.

ಅದೇ ವರ್ಷದ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯ ಪಟಾಕಿ ಗೋದಾಮಿಗೆ ಬೆಂಕಿ ಬಿತ್ತು. 14ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಹಲವರು ದೀಪಾವಳಿಯ ಸೀಸನ್ನಿಗೆಂದು ತಮಿಳುನಾಡಿನಿಂದ ಬಂದಿದ್ದ ವಿದ್ಯಾರ್ಥಿಗಳು. ಹೊಸ ಗೋದಾಮಿಗೆ ಕಾಲಿಟ್ಟ ದಿನ ಮಾಡಬೇಕಾದ ಮೊದಲ ಕೆಲಸ ಎರಡನೇ ಬಾಗಿಲು ಎಲ್ಲಿದೆ ಎಂದು ನೋಡುವುದು. ಅದಕ್ಕೆ ಬೀಗ ಹಾಕಿದ್ದರೆ, ಅಡ್ಡ ಸರಕು ಪೇರಿಸಿದ್ದರೆ ಅದು ಬಾಗಿಲೇ ಅಲ್ಲ. ಒಳಗೆ ಏನಿದೆ ಎಂದು ಹೇಳದ ಗೋದಾಮಿನಲ್ಲಿ ಕೆಲಸಕ್ಕೆ ನಿಲ್ಲಬೇಡಿ.

ಧಾನ್ಯದ ಗೋದಾಮಿನಲ್ಲಿ ಕಣ್ಣಿಗೆ ಕಾಣದ ವೈರಿಯೊಂದಿದೆ. ಹುಳ ಕೊಲ್ಲಲು ಥಪ್ಪಿಯ ಮೇಲೆ ಪ್ಲಾಸ್ಟಿಕ್ ತಾಡಪಾಲು ಹೊದಿಸಿ, ಅಂಚಿನ ಮೇಲೆ ಮರಳು ತುಂಬಿದ ಬಟ್ಟೆಯ ಕೊಳವೆ ಹೇರಿ, ಒಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುತ್ತಾರೆ. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಹೊದಿಸಿದ ಥಪ್ಪಿಯ ಹತ್ತಿರ ಮಲಗುವುದು, ತಾಡಪಾಲು ಎತ್ತಿ ನೋಡುವುದು ಜೀವಕ್ಕೆ ಕುತ್ತು. ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನಂಥ ವಾಸನೆ ಬಂದರೆ ಹೊರಗೆ ಓಡಿ. ವಾಸನೆ ಇಲ್ಲವೆಂದ ಮಾತ್ರಕ್ಕೆ ಅನಿಲವಿಲ್ಲ ಎಂದೂ ಅಲ್ಲ. ಗುಳಿಗೆ ಇಡುವುದು, ತೆಗೆಯುವುದು ತರಬೇತಾದವರ ಕೆಲಸ. ಆ ಕೆಲಸ ನಿಮಗೆ ಹಚ್ಚಿದರೆ ಆಗುವುದಿಲ್ಲ ಎನ್ನಿ.

ಫೋರ್ಕ್‌ಲಿಫ್ಟ್ ತಿರುಗುವುದು ಹಿಂದಿನ ಚಕ್ರದಿಂದ. ಮುಂದಿನ ಭಾಗ ಎಡಕ್ಕೆ ಹೊರಳಿದಾಗ ಬಾಲ ಬಲಕ್ಕೆ ಬೀಸುತ್ತದೆ. ಕಾರು ನೋಡಿ ಪಳಗಿದ ಕಣ್ಣಿಗೆ ಇದು ಹೊಳೆಯುವುದಿಲ್ಲ, ಪಕ್ಕದಲ್ಲಿ ನಿಂತವ ಗೋಡೆಗೋ ರ್ಯಾಕಿಗೋ ಸಿಕ್ಕಿಬೀಳುತ್ತಾನೆ. ಎತ್ತಿದ ಫೋರ್ಕಿನ ಕೆಳಗೆ ಹಾಯುವುದು, ಅದರ ಮೇಲೆ ನಿಂತು ಎತ್ತರದ ಖಾನೆಗೆ ಏರುವುದು ಎರಡೂ ಬೇಡ. ಆದರೆ ಫೋರ್ಕ್‌ಲಿಫ್ಟ್ ಓಡಿಸುವುದನ್ನು ಕಲಿತರೆ ಪಗಾರ ಒಂದು ಮೆಟ್ಟಿಲು ಏರುತ್ತದೆ. ಲಾಜಿಸ್ಟಿಕ್ಸ್ ವಲಯದ ಕೌಶಲ ಮಂಡಳಿಯ ಪ್ರಮಾಣಪತ್ರಕ್ಕೆ ದೊಡ್ಡ ಗೋದಾಮುಗಳಲ್ಲಿ ಬೆಲೆಯಿದೆ. ಹೊರುವ ಕೆಲಸಕ್ಕೆ ವಯಸ್ಸಿನ ಮಿತಿಯನ್ನು ಬೆನ್ನೇ ಹಾಕುತ್ತದೆ. ಮೂವತ್ತೈದರ ಹೊತ್ತಿಗೆ ಯಂತ್ರವೋ ಲೆಕ್ಕವೋ ಒಂದನ್ನು ಕಲಿತಿರುವುದು ಒಳ್ಳೆಯದು.

ನಮ್ಮ ಕಡೆಯ ಗೋದಾಮು, ಡಿಪೋಗಳಿಗೆ ಇನ್ನೊಂದು ಮಾತು ಸೇರಿಸಬೇಕು. ಕಾಡು ಪಕ್ಕದಲ್ಲೇ ಇದೆ. ಇಲಿಗಳ ಬೆನ್ನಿಗೆ ಹಾವು ಬರುತ್ತದೆ. ನಾಟಾ ರಾಶಿಯ ಸಂದು, ಖಾಲಿ ಚೀಲದ ಗುಡ್ಡೆ ಅದಕ್ಕೆ ತಂಪಾದ ಜಾಗ. ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ, ರಾತ್ರಿ ಪಾಳಿಗೆ ಬ್ಯಾಟರಿ ಒಯ್ಯಿ, ಚಪ್ಪಲಿ ಬಿಟ್ಟು ಬೂಟು ಹಾಕಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ಸೀದಾ ಸರಕಾರಿ ಆಸ್ಪತ್ರೆಗೆ ಹೋಗಿ.

ನಾಲ್ಕನೆಯದು: ಪಗಾರದ ಲೆಕ್ಕ

ಗೋದಾಮು ಒಂದು ಕಂಪನಿಯದು, ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವನು ಗುತ್ತಿಗೆದಾರ, ಊರಿಂದ ಕರೆದುಕೊಂಡು ಹೋದವನು ಇನ್ನೊಬ್ಬ ಏಜೆಂಟ್. ತಕರಾರು ಬಂದಾಗ ಮೂವರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಾರೆ. ಆದ್ದರಿಂದ ಬಾಯಿಮಾತು ಸಾಲದು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೌಕರರಿಗೆ ನೇಮಕ ಪತ್ರ ಕೊಡಲೇಬೇಕು. ದಿನಕ್ಕೆ ಎಂಟು ಗಂಟೆ ಕೆಲಸ, ಅದರಾಚೆ ದುಡಿಸಿಕೊಂಡರೆ ಎರಡು ಪಟ್ಟು ಕೂಲಿ. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟರೆ, ಬಿಡಿಸಿದರೆ ಎರಡು ಕೆಲಸದ ದಿನಗಳಲ್ಲಿ ಬಾಕಿ ಚುಕ್ತಾ ಆಗಬೇಕು.

ಭವಿಷ್ಯ ನಿಧಿಗೆ (ಪಿಎಫ್) ಮೂಲವೇತನ ಮತ್ತು ತುಟ್ಟಿಭತ್ಯೆಯ ಮೇಲೆ ನಿಮ್ಮಿಂದ ಸಾಮಾನ್ಯವಾಗಿ ಶೇ 12 ಮುರಿಯುತ್ತಾರೆ, ಮಾಲೀಕನೂ ಅಷ್ಟೇ ಹಾಕಬೇಕು. ಮುರಿದದ್ದು ಖಾತೆಗೆ ಬಿದ್ದಿದೆಯೇ ಎಂದು ಆಗಾಗ ನೋಡಿ. ನಿಮ್ಮ ಪಿಎಫ್ ಖಾತೆಯ ನಂಬರಾದ ಯುಎಎನ್‌ಗೆ ಜೋಡಿಸಿದ ಮೊಬೈಲಿನಿಂದ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆಯುತ್ತದೆ. ತಿಂಗಳಿಗೆ 21,000 ರೂಪಾಯಿಯವರೆಗಿನ ಪಗಾರದವರಿಗೆ ನೌಕರರ ವಿಮೆ (ಇಎಸ್‌ಐ) ಅನ್ವಯಿಸುತ್ತದೆ. ನಿಮ್ಮ ಪಾಲು ಶೇ 0.75, ಮಾಲೀಕನದು ಶೇ 3.25. ಕೆಲಸದಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂರಬೇಕಾದರೆ ಪಗಾರದ ಶೇ 90ರಷ್ಟು ಸಿಗುತ್ತದೆ. ಆದರೆ ಅದಕ್ಕೆ ಪೆಟ್ಟಾದ ದಿನವೇ ಅಪಘಾತದ ಪುಸ್ತಕದಲ್ಲಿ ಬರೆಸಿರಬೇಕು. 'ಸಣ್ಣ ಗಾಯ, ಬಿಡು ತಮ್ಮಾ' ಎಂದರೂ ಬರೆಸಿ.

ಎಪಿಎಂಸಿ, ಸೊಸೈಟಿ, ಡಿಪೋಗಳಲ್ಲಿ ಚೀಲದ ಲೆಕ್ಕದಲ್ಲಿ ಹಮಾಲಿ ತಗೊಳ್ಳುವವರಿಗೆ ಪಿಎಫ್, ಇಎಸ್‌ಐ ಸಿಗುವುದು ಕಡಿಮೆ. ಮಹಾರಾಷ್ಟ್ರ 1969ರಲ್ಲಿಯೇ ಮಾಥಾಡಿ ಹಮಾಲರಿಗಾಗಿ ಪ್ರತ್ಯೇಕ ಕಾನೂನು ಮಾಡಿತು. ಅಲ್ಲಿ ವ್ಯಾಪಾರಿಗಳು ಕೂಲಿಯ ಜೊತೆ ಲೆವಿಯನ್ನೂ ಮಾಥಾಡಿ ಮಂಡಳಿಗೆ ಕಟ್ಟುತ್ತಾರೆ. ಭವಿಷ್ಯ ನಿಧಿ, ರಜೆ, ಆಸ್ಪತ್ರೆಯ ಸೌಲಭ್ಯ ಆ ಹಣದಿಂದ ನಡೆಯುತ್ತವೆ. ನಮ್ಮಲ್ಲಿ ಅಂಥ ಕಾನೂನಿಗೆ ಹಮಾಲರ ಸಂಘಗಳು ಕೇಳುತ್ತ ಬಂದಿವೆ. ಸದ್ಯಕ್ಕೆ ಇರುವುದನ್ನಾದರೂ ಬಿಡಬೇಡಿ: ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರಿಗೆ ನೋಂದಣಿ ಇದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ಸಿಗುತ್ತದೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ.

ದೊಡ್ಡ ಹೆಸರಿನ ಗೋದಾಮಾದರೆ ಇದೆಲ್ಲ ತಾನೇ ಸರಿಯಿರುತ್ತದೆ ಎಂದುಕೊಳ್ಳಬೇಡಿ. 2024ರಲ್ಲಿ ಹರಿಯಾಣದ ಮಾನೇಸರ್‌ನ ಅಮೆಜಾನ್ ಗೋದಾಮಿನಲ್ಲಿ, ಲಾರಿ ಖಾಲಿಯಾಗುವವರೆಗೆ ಶೌಚಕ್ಕೂ ನೀರಿಗೂ ಹೋಗುವುದಿಲ್ಲ ಎಂದು ಕೆಲಸಗಾರರಿಂದ ಪ್ರಮಾಣ ಮಾಡಿಸಿದ್ದಾರೆಂಬ ಸುದ್ದಿ ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಪ್ರಕರಣ ಎತ್ತಿಕೊಂಡು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ನೋಟಿಸು ಕೊಟ್ಟಿತು. ವಿಷಯ ಹೊರಬಿದ್ದದ್ದು ಕೆಲಸಗಾರರು ಬಾಯಿ ಬಿಟ್ಟದ್ದರಿಂದ. ಹೆಣ್ಣುಮಕ್ಕಳು ಪ್ಯಾಕಿಂಗ್ ಕೆಲಸಕ್ಕೆ ಸೇರುವಾಗ ಶೌಚಾಲಯ ಎಷ್ಟು ದೂರವಿದೆ, ರಾತ್ರಿ ಪಾಳಿಗೆ ವಾಹನ ಉಂಟೇ ಎಂದು ಸೇರುವ ಮುನ್ನವೇ ಕೇಳಬೇಕು. ರಾತ್ರಿ ಪಾಳಿಗೆ ಹಾಕಲು ಅವರ ಒಪ್ಪಿಗೆ ಬೇಕೆಂಬುದು ಕಾನೂನು.

ಕೊನೆಗೆ, ಅಂಬೇವಾಡಿಯಿಂದಾಗಲಿ ಹಳಿಯಾಳದಿಂದಾಗಲಿ ಮುಂದಿನ ಬಸ್ಸು ಹತ್ತುವವರಿಗೆ ಒಂದು ಮಾತು. ಬ್ಯಾಗಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇರಲಿ. ಮೊದಲ ಪುಟದಲ್ಲಿ ಗುತ್ತಿಗೆದಾರನ ಹೆಸರು, ಕಂಪನಿಯ ಹೆಸರು, ಗೋದಾಮಿನ ವಿಳಾಸ, ನಿಮ್ಮ ಯುಎಎನ್, ಇಎಸ್‌ಐ ನಂಬರು ಬರೆಯಿರಿ. ಆಮೇಲೆ ದಿನಕ್ಕೊಂದು ಸಾಲು: ಒಳಗೆ ಹೋದ ಹೊತ್ತು, ಹೊರಬಂದ ಹೊತ್ತು, ಇಳಿಸಿದ ಲಾರಿ ಅಥವಾ ಚೀಲ, ಕೊಟ್ಟ ಬಟವಡೆ, ಆದ ಪೆಟ್ಟು. ಅದರ ಒಂದು ಫೋಟೊ ವಾರಕ್ಕೊಮ್ಮೆ ಮನೆಗೆ ಕಳಿಸಿ. ಪಗಾರ ತಡೆದರೆ ರಾಜ್ಯದ ಕಾರ್ಮಿಕ ಸಹಾಯವಾಣಿ 155214ಕ್ಕೆ ಕರೆ ಮಾಡಿ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುವಾಗ ಆ ನೋಟ್‌ಬುಕ್ ಒಯ್ಯಿರಿ. ದಿನಾಂಕ ಹಾಕಿ ಬರೆದ ಲೆಕ್ಕಕ್ಕೆ ಬಾಯಿಮಾತಿಗಿಂತ ಹೆಚ್ಚು ತೂಕವಿದೆ.